ಪುರವರ್ಣನೆಯೂ ಪುರಸಂಕಟವೂ

೧

ಮಹಾಕಾವ್ಯದಲ್ಲಿ ಬರತಕ್ಕ ವರ್ಣನೆಗಳನ್ನು ಎಣಿಸುವಾಗ ದಂಡಿಯು ತನ್ನ ‘ಕಾವ್ಯಾದರ್ಶ’ದಲ್ಲಿ ನಗರಕ್ಕೆ ಮೊದಲನೆಯ ಸ್ಥಾನವನ್ನು ಕೊಟ್ಟಿದ್ದಾನೆ. ಸಮುದ್ರ, ಪರ್ವತ, ಋತು, ಚಂದ್ರಸೂರ್ಯರ ಉದಯ, ಉದ್ಯಾನವಿಹಾರ, ಜಲಕ್ರೀಡೆ ಮೊದಲಾದುವು ಅನಂತರ ಬರುತ್ತವೆ. ಕನ್ನಡದ ಕವಿಗಳೂ ಲಕ್ಷಣಕಾರರೂ ಈ ಪದ್ಧತಿಯನ್ನು ಆದರದಿಂದ ಸ್ವೀಕರಿಸಿದರು. ಅಷ್ಟಾದಶ ವರ್ಣನೆಗಳೆಂಬ ಹೆಸರು ರೂಢಿಗೆ ಬಂದಿತು. ಇದರ ಫಲವಾಗಿ ಕನ್ನಡದ ಚಂಪೂಕಾವ್ಯಗಳಲ್ಲಿ ಕೋಟೆ, ಅಗಳು, ಗೋಪುರ, ಅಂಗಡಿಬೀದಿ, ಸೂಳೆಗೇರಿ, ಹೂದೋಟಗಳಿಂದ ಶೋಭಿಸುವ ಪಟ್ಟಣಗಳು ಎಷ್ಟೋ ಇವೆ. ಆ ಪಟ್ಟಿಯಲ್ಲಿ ಪ್ರಣಯಿಗಳ ವಿರಹಕ್ಕೆ ಎಡೆಯುಂಟು. ಮಂತ್ರಾಲೋಚನೆಗೂ ಯುದ್ಧಕ್ಕೂ ಎಡೆಯುಂಟು. ನಗರವೇ ಒಟ್ಟಾಗಿ ಸಂಕಟಕ್ಕೆ ಸಿಕ್ಕಿದಾಗ ಅದನ್ನು ಹೇಗೆ ನುಡಿಯಬೇಕೆಂಬುದಕ್ಕೆ ಮಾತ್ರ ಎಡೆಯಿಲ್ಲ. ವಿರಹಕ್ಕೆ ವಿಪ್ರಲಂಭವೆಂಬ ಶಾಸ್ತ್ರೀಯವಾದ ಹೆಸರು ದೊರೆಯಿತು. ಪುರದ ಸಂಕಟಕ್ಕೆ ಅಂಥ ಹೆಸರು ದೊರೆಯಲಿಲ್ಲ.

ನಗರಗಳಿಗೆ ಸಂಕಟವೊದಗಲಿಲ್ಲವೆಂದು ಇದರ ಅರ್ಥವಲ್ಲ. ಬೆಂಕಿ, ನೆರೆ, ಬರ, ಸಾಂಕ್ರಾಮಿಕ ರೋಗಗಳು ಎಲ್ಲ ದೇಶಗಳ ಪಟ್ಟಣಗಳನ್ನೂ ಕಾಡಿವೆ. ಆದರೆ ಒದಗಿದ ಕೇಡನ್ನು ಒಂದೊಂದು ನಗರವೂ ಒಂದೊಂದು ಬಗೆಯಾಗಿ ಅರ್ಥಮಾಡಿಕೊಂಡಿದೆ. ಒಂದೊಂದು ಬಗೆಯ ಮಾತಿನಲ್ಲಿ ಹೇಳಿಕೊಂಡಿದೆ. ಇಂತಹ ಬರಹಗಳನ್ನು ಕರುಣರಸದ ಅಳತೆಗೋಲಿನಿಂದ ಮಾತ್ರ ಅಳೆಯುವುದು ವಾಡಿಕೆಯಾಗಿದೆ. ಓದುಗನ ಕಣ್ಣಿನಲ್ಲಿ ನೀರು ತರಿಸಿದರೆ ಕೃತಿಯು ಸಾರ್ಥಕವೆಂದು ತೀರ್ಮಾನಿಸಿ ವಿಮರ್ಶೆಯು ಅಲ್ಲಿಗೆ ನಿಲ್ಲುತ್ತದೆ. ಈ ಅಳತೆ ಸಾಲದು. ಪುರಸಂಕಟದ ಕೃತಿಯನ್ನು ಕುರಿತು ಮೂರು ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ: ಕೇಡಿಗೆ ಕೃತಿಯು ಇಟ್ಟ ಹೆಸರು ಯಾವುದು? ಆ ಹೆಸರು ಯಾರನ್ನು ಹೊಣೆಗಾರರನ್ನಾಗಿ ಮಾಡುತ್ತದೆ? ಯಾರ ನೋವು ಆ ಹೆಸರಿನ ಹೊರಗೆ ಉಳಿಯುತ್ತದೆ? ಈ ಮೂರನ್ನು ಹಿಡಿದು ಕೆಲವು ನಗರಗಳ ವಾಙ್ಮಯವನ್ನು ಪರಿಶೀಲಿಸುವುದು ಇಲ್ಲಿಯ ಉದ್ದೇಶ.

೨

ಮೊದಲು ಶಬ್ದವಿಚಾರ. ಇಂದು ಇಂಗ್ಲಿಷಿನಿಂದ ಬಂದ ‘ಕ್ರೈಸಿಸ್’ ಎಂಬುದಕ್ಕೆ ‘ಬಿಕ್ಕಟ್ಟು’ ಎಂದು ಹೇಳುವುದು ಬಳಕೆಯಾಗಿದೆ. ಮೂಲದ ಗ್ರೀಕ್ ಶಬ್ದಕ್ಕೆ ತೀರ್ಪು, ನಿರ್ಣಯ ಎಂಬ ಅರ್ಥಗಳಿದ್ದುವು. ಹಿಪಾಕ್ರಟೀಸನ ಪಂಥದ ವೈದ್ಯರು ಆ ಶಬ್ದವನ್ನು ರೋಗವು ಗುಣಕ್ಕೋ ಮರಣಕ್ಕೋ ತಿರುಗುವ ಘಟ್ಟಕ್ಕೆ ಬಳಸಿದರು. ನ್ಯಾಯಸ್ಥಾನ, ರೋಗಿಯ ಹಾಸಿಗೆ ಇವೆರಡರ ನೆನಪೂ ಆ ಮಾತಿನಲ್ಲಿ ಅಡಗಿದೆ. ಕನ್ನಡದ ‘ಬಿಕ್ಕಟ್ಟು’ ಎಂಬಲ್ಲಿ ಇಕ್ಕಟ್ಟಿಗೆ ಸಿಕ್ಕಿಕೊಂಡ ಭಾವವುಂಟು. ಯಾರಾದರೂ ತೀರ್ಪುಕೊಡಬೇಕೆಂಬ ಭಾವವಿಲ್ಲ.

ಹಿಂದಿನಿಂದ ಬಂದ ಮಾತುಗಳನ್ನು ನೋಡಿದರೆ ಇನ್ನೊಂದು ವಿಶೇಷವು ಕಾಣುತ್ತದೆ. ಈತಿಬಾಧೆಗಳು ಆರೆಂದು ಸಂಪ್ರದಾಯ: ಅತಿವೃಷ್ಟಿ, ಅನಾವೃಷ್ಟಿ, ಇಲಿ, ಮಿಡತೆ, ಗಿಣಿ, ನೆರೆಯ ಅರಸರು. ಇವೆಲ್ಲ ಬೆಳೆದ ಪೈರನ್ನು ಕುರಿತ ಭಯಗಳು. ಬರ, ಕ್ಷಾಮ, ಗುಳೆ ಎಂಬ ಮಾತುಗಳೂ ಹೊಲದ ಕಡೆಯಿಂದಲೇ ಬಂದುವು. ಇಲಿಯು ಈ ಪಟ್ಟಿಯಲ್ಲಿ ಇರುವುದು ಧಾನ್ಯವನ್ನು ತಿನ್ನುವ ಪ್ರಾಣಿಯಾಗಿ. ಪಟ್ಟಣಕ್ಕೆ ರೋಗವನ್ನು ತರುವ ಪ್ರಾಣಿಯಾಗಿ ಅಲ್ಲ. ಹೀಗೆ ಕನ್ನಡಕ್ಕೆ ಪಿತ್ರಾರ್ಜಿತವಾಗಿ ಬಂದ ಸಂಕಟದ ಶಬ್ದಕೋಶವು ಬಹುಮಟ್ಟಿಗೆ ಬೇಸಾಯಗಾರನದು.

ಕಾವ್ಯಶಾಸ್ತ್ರವು ಬಿಟ್ಟುದನ್ನು ರಾಜ್ಯಶಾಸ್ತ್ರವು ಹೇಳಿಲ್ಲವೆನ್ನುವಂತಿಲ್ಲ. ಕೌಟಿಲ್ಯನ ‘ಅರ್ಥಶಾಸ್ತ್ರ’ದ ನಾಲ್ಕನೆಯ ಅಧಿಕರಣದಲ್ಲಿ ಬೆಂಕಿ, ನೀರು, ವ್ಯಾಧಿ, ದುರ್ಭಿಕ್ಷ, ಇಲಿ, ಕ್ರೂರಮೃಗ, ಸರ್ಪ, ರಾಕ್ಷಸರೆಂಬ ಎಂಟು ದೈವಿಕ ಮಹಾಭಯಗಳನ್ನು ಹೇಳಿ ಒಂದೊಂದಕ್ಕೂ ಪ್ರತೀಕಾರವನ್ನು ವಿಧಿಸಲಾಗಿದೆ. ವ್ಯಾಧಿಗೆ ವೈದ್ಯರ ಔಷಧವೂ ತಾಪಸರ ಶಾಂತಿಕರ್ಮವೂ ಒಟ್ಟಿಗೆ ನಡೆಯತಕ್ಕದ್ದು. ಇಲಿಗಳ ಭಯಕ್ಕೆ ಬೆಕ್ಕುಮುಂಗುಸಿಗಳನ್ನು ಬಿಡತಕ್ಕದ್ದು. ಎರಡನೆಯ ಅಧಿಕರಣದಲ್ಲಿ ಬೀದಿಗೆ ಕಸವನ್ನೆಸೆದವನಿಗೆ ಪಣದ ಎಂಟನೆಯ ಒಂದು ಭಾಗವನ್ನೂ, ಕೆಸರುನೀರನ್ನು ನಿಲ್ಲಿಸಿದವನಿಗೆ ಕಾಲುಪಣವನ್ನೂ ದಂಡವಾಗಿ ಹೇಳಿದೆ. ಭಯವು ದೈವದಿಂದ ಬಂದರೂ ಉತ್ತರ ಹೇಳಬೇಕಾದವನು ಅರಸನೆಂಬುದು ಇಲ್ಲಿಯ ನಿಲುವು.

ಇತಿಹಾಸಗ್ರಂಥಗಳಲ್ಲಿ ಮಹಾಭಾರತದ ಮೌಸಲಪರ್ವವು ಗಮನಾರ್ಹವಾದುದು. ದ್ವಾರಕೆಯ ನಾಶಕ್ಕೆ ಮೊದಲು ಕಂಡ ಉತ್ಪಾತಗಳಲ್ಲಿ, ಬೀದಿಗಳಲ್ಲಿ ಇಲಿಗಳು ತುಂಬಿ ಮಲಗಿದವರ ಕೂದಲುಗುರುಗಳನ್ನು ಕಡಿಯುತ್ತಿದ್ದುವೆಂಬುದೂ ಒಂದು. ಅಲ್ಲಿ ಕೇಡಿನ ಹೆಸರು ಶಾಪ. ಕುಮಾರವ್ಯಾಸನು ಹತ್ತು ಪರ್ವಗಳಿಗೇ ತನ್ನ ಕಥೆಯನ್ನು ನಿಲ್ಲಿಸಿದುದರಿಂದ, ಕನ್ನಡಿಗರಿಗೆ ಅತ್ಯಂತ ಪ್ರಿಯವಾದ ಭಾರತದಲ್ಲಿ ಮುಳುಗುವ ದ್ವಾರಕೆಯ ಚಿತ್ರವಿಲ್ಲದೆ ಹೋಯಿತು.

೩

ಕೇಡಿನ ಹೆಸರೇ ಚರ್ಚೆಯ ವಿಷಯವಾದ ಮೊದಲ ನಗರಗಳಲ್ಲಿ ಅಥೆನ್ಸು ಒಂದು. ಕ್ರಿ. ಪೂ. ೪೩೦ರಲ್ಲಿ, ಸ್ಪಾರ್ಟದವರೊಡನೆ ಯುದ್ಧವು ಪ್ರಾರಂಭವಾದ ಎರಡನೆಯ ವರ್ಷ, ಅಲ್ಲಿ ಮಾರಿಯು ಹಬ್ಬಿತು. ಥ್ಯುಸಿಡಿಡೀಸನು ತಾನೂ ಆ ರೋಗದಿಂದ ನರಳಿ ಬದುಕಿದವನು. ಕಾರಣವನ್ನು ಕುರಿತ ಊಹೆಗಳನ್ನು ಇತರರಿಗೆ ಬಿಟ್ಟು, ರೋಗವು ಮತ್ತೆ ಬಂದರೆ ಗುರುತಿಸುವುದಕ್ಕೆ ಅನುಕೂಲವಾಗಲೆಂದು ಲಕ್ಷಣಗಳನ್ನು ಮಾತ್ರ ತಲೆಯಿಂದ ಕಾಲಿನವರೆಗೆ ಕ್ರಮವಾಗಿ ಬರೆದಿಟ್ಟನು.

ಅವನು ಹೇಳುವ ಒಂದು ಸಣ್ಣ ಪ್ರಸಂಗವು ಈ ವಿಷಯಕ್ಕೆ ಬಹಳ ಮುಖ್ಯವಾದುದು. ಡೋರಿಯನ್ನರ ಯುದ್ಧವೂ ಅದರೊಡನೆ ಮಾರಿಯೂ ಬರುವುದೆಂಬ ಹಳೆಯ ಭವಿಷ್ಯವಾಕ್ಯವೊಂದು ಮುದುಕರ ನೆನಪಿಗೆ ಬಂದಿತಂತೆ. ಆ ವಾಕ್ಯದಲ್ಲಿದ್ದ ಮಾತು ‘ಲೋಯ್ಮೋಸ್’ ಎಂದರೆ ಮಾರಿಯೋ, ‘ಲೀಮೋಸ್’ ಎಂದರೆ ಕ್ಷಾಮವೋ ಎಂದು ಜನರಲ್ಲಿ ವಾದ ಹುಟ್ಟಿತು. ಊರಿನಲ್ಲಿ ಮಾರಿಯಿದ್ದುದರಿಂದ ಮಾರಿಯೆಂಬ ಪಾಠವೇ ಗೆದ್ದಿತು. ಮುಂದೊಮ್ಮೆ ಯುದ್ಧದ ಕಾಲದಲ್ಲಿ ಕ್ಷಾಮವು ಬಂದರೆ ಆಗ ಕ್ಷಾಮವೆಂಬ ಪಾಠವು ಗೆಲ್ಲುವುದೆಂದು ಥ್ಯುಸಿಡಿಡೀಸನು ಸೂಚಿಸುತ್ತಾನೆ. ಪಾಠಾಂತರವನ್ನು ನಿರ್ಣಯಿಸುವ ವಿದ್ವಾಂಸರಿಗೆ ಇದಕ್ಕಿಂತ ಒಳ್ಳೆಯ ಎಚ್ಚರಿಕೆ ದೊರೆಯಲಾರದು.

ಆ ನಗರವು ಇನ್ನೊಂದು ಹೆಸರನ್ನೂ ಇಟ್ಟಿತ್ತು: ವಿಷ. ಪೈರೀಯಸ್ ಬಂದರಿನ ನೀರಿನ ತೊಟ್ಟಿಗಳಿಗೆ ಶತ್ರುಗಳು ವಿಷವನ್ನು ಹಾಕಿದರೆಂದು ಜನ ಮಾತನಾಡಿಕೊಂಡರು. ಆದರೆ ಇತಿಹಾಸಕಾರನು ಸದ್ದಿಲ್ಲದೆ ಮೂರನೆಯದೊಂದನ್ನು ಕಾಣಿಸುತ್ತಾನೆ. ಪೆರಿಕ್ಲೀಸನ ಯುದ್ಧನೀತಿಯಂತೆ ಹಳ್ಳಿಗರೆಲ್ಲ ಕೋಟೆಯೊಳಕ್ಕೆ ಬಂದಿದ್ದರು. ಮನೆಗಳಿಲ್ಲದೆ ಬೇಸಿಗೆಯ ಸೆಕೆಯಲ್ಲಿ ಇಕ್ಕಟ್ಟಾದ ಗುಡಿಸಲುಗಳಲ್ಲಿ ಇದ್ದರು. ಹೊಸದಾಗಿ ಬಂದ ಇವರಲ್ಲಿಯೇ ಸಾವು ಹೆಚ್ಚಾಯಿತು. ದೈವ, ಶತ್ರು ಎಂಬ ಎರಡು ಹೆಸರುಗಳ ನಡುವೆ, ನಗರವು ತಾನೇ ಕೈಕೊಂಡ ನಿರ್ಣಯವೆಂಬ ಹೆಸರನ್ನು ಅವನು ಓದುಗರ ಮುಂದೆ ಇಡುತ್ತಾನೆ. ಕ್ರಿ. ಪೂ. ೪೨೯ರಲ್ಲಿ ಪೆರಿಕ್ಲೀಸನೂ ತೀರಿಕೊಂಡನು. ಮಾರಿಯ ವೃತ್ತಾಂತದಲ್ಲಿ ಗ್ರಂಥಕರ್ತನು ಒಂದು ನಿಟ್ಟುಸಿರನ್ನೂ ಹಾಕಿಲ್ಲ. ಆದರೂ ಅದನ್ನು ಓದಿ ಮರೆಯುವುದು ಕಷ್ಟ.

೪

ಗ್ರೀಕರ ಇತಿಹಾಸದಿಂದ ದ್ರಾವಿಡ ಕಾವ್ಯದ ಕಡೆಗೆ ತಿರುಗಿದರೆ ಮಧುರೆಯು ಎದುರಾಗುತ್ತದೆ. ಇಳಂಗೋ ಅಡಿಗಳ ‘ಶಿಲಪ್ಪದಿಕಾರ’ದಲ್ಲಿ ಮಧುರೆಯು ಉರಿಯುವುದು ಪ್ರಸಿದ್ಧವಾದ ಕಥೆ. ರಾಣಿಯ ಕಾಲಂದುಗೆಯನ್ನು ಕದ್ದನೆಂಬ ಸುಳ್ಳಾರೋಪದ ಮೇಲೆ, ಪಾಂಡ್ಯರಾಜನು ವಿಚಾರಣೆಯಿಲ್ಲದೆ ಕೋವಲನನ್ನು ಕೊಲ್ಲಿಸುತ್ತಾನೆ. ಕಣ್ಣಗಿಯು ಸಭೆಗೆ ಬಂದು ಗಂಡನ ನಿರ್ದೋಷವನ್ನು ಸ್ಥಾಪಿಸುತ್ತಾಳೆ. ಅರಸನು ಅಲ್ಲಿಯೇ ಕುಸಿದು ಪ್ರಾಣ ಬಿಡುತ್ತಾನೆ. ಅನಂತರ ನಗರವು ಉರಿಯುತ್ತದೆ. ಇಲ್ಲಿ ಕೇಡಿಗೆ ಕವಿಯಿಟ್ಟ ಹೆಸರು ಅನ್ಯಾಯ. ತಪ್ಪಾದ ಒಂದು ತೀರ್ಪು, ಅದಕ್ಕೆ ಉತ್ತರವಾಗಿ ಇನ್ನೊಂದು ತೀರ್ಪು. ಗ್ರೀಕ್ ಶಬ್ದದ ಮೂಲಾರ್ಥವು ಈ ತಮಿಳು ಕಾವ್ಯದಲ್ಲಿ ಮೂರ್ತಿವೆತ್ತಂತಿದೆ.

ಬೆಂಕಿಯು ಯಾರನ್ನು ಮುಟ್ಟಬಾರದೆಂದು ಕಣ್ಣಗಿಯು ಅಗ್ನಿಗೆ ಹೇಳುವ ಮಾತು ಇನ್ನೂ ವಿಚಾರಾರ್ಹವಾದುದು. ಬ್ರಾಹ್ಮಣರು, ಧರ್ಮಿಷ್ಠರು, ಗೋವುಗಳು, ಪತಿವ್ರತೆಯರು, ಮುದುಕರು, ಮಕ್ಕಳು ಇವರನ್ನು ಬಿಡಬೇಕೆಂದು ಅವಳು ಆಜ್ಞಾಪಿಸುತ್ತಾಳೆ. ಉಳಿಯುವವರ ಪಟ್ಟಿಯೊಂದನ್ನು ಕೃತಿಯು ಹೀಗೆ ಬಹಿರಂಗವಾಗಿ ಇಟ್ಟುದರಿಂದ, ಉರಿದವರು ಯಾರೆಂಬ ಪ್ರಶ್ನೆಯು ತಾನಾಗಿಯೇ ಹುಟ್ಟುತ್ತದೆ. ಅನಂತರ ಮಧುರೆಯ ಅಧಿದೇವತೆಯು ಬಂದು ಕೋವಲನ ಪೂರ್ವಜನ್ಮದ ಕರ್ಮವನ್ನು ತಿಳಿಸಿ ಇನ್ನೊಂದು ಕಾರಣವನ್ನು ಕೊಡುತ್ತಾಳೆ. ಎರಡು ಕಾರಣಗಳೂ ಕಾವ್ಯದಲ್ಲಿ ನಿಂತಿವೆ. ಆದರೆ ಓದುಗನು ಮರೆಯದೆ ಇಟ್ಟುಕೊಳ್ಳುವುದು ಸಭೆಯಲ್ಲಿ ಒಡೆದ ಕಾಲಂದುಗೆಯನ್ನು.

ಇದೇ ಮಧುರೆಯ ವೈಗೈ ನದಿಯ ಮಾತು ಬೇರೆ. ಸಂಘಂ ಸಾಹಿತ್ಯದ ‘ಪರಿಪಾಡಲ್’ ಸಂಕಲನದಲ್ಲಿ ಹೊಸನೀರು ಬಂದ ಉತ್ಸಾಹ, ಜಲವಿಹಾರ, ಸಿಂಗಾರಗಳು ವರ್ಣಿತವಾಗಿವೆ. ಮೈಸೂರಿನಲ್ಲಿ ಹುಟ್ಟಿ ಕನ್ನಡದಲ್ಲಿಯೂ ಕವಿತೆ ಬರೆದ ಎ. ಕೆ. ರಾಮಾನುಜನ್ ಅವರು ೧೯೬೬ರಲ್ಲಿ ಪ್ರಕಟವಾದ ತಮ್ಮ ಮೊದಲ ಇಂಗ್ಲಿಷ್ ಕವನಸಂಗ್ರಹದಲ್ಲಿ ಈ ಪರಂಪರೆಯನ್ನೇ ಪರೀಕ್ಷೆಗೆ ಒಡ್ಡಿದರು. ಹಿಂದಿನವರೂ ಇಂದಿನವರೂ ನೆರೆಯನ್ನು ಮಾತ್ರ ಹಾಡಿದರು. ಅದರಲ್ಲಿ ಕೊಚ್ಚಿಹೋದ ಬಸುರಿ ಹೆಂಗಸಿನ ಹೆಸರು ಯಾರ ಪದ್ಯದಲ್ಲಿಯೂ ಇಲ್ಲವೆಂಬುದು ಆ ಕವಿತೆಯ ತಾತ್ಪರ್ಯ. ಹಸುಗಳಿಗೆ ಹೆಸರಿದೆ, ಅವಳಿಗಿಲ್ಲ. ಮೂರನೆಯ ಪ್ರಶ್ನೆಯನ್ನು ಇಷ್ಟು ನೇರವಾಗಿ ಕೇಳಿದ ಕವಿತೆ ವಿರಳ. ಕರುಣರಸಕ್ಕೆ ಹೇರಳವಾದ ಅವಕಾಶವಿದ್ದರೂ ಕವಿಯು ಅದನ್ನು ಬಿಟ್ಟು ಒಣಗಿದ ದನಿಯಲ್ಲಿ ಲೆಕ್ಕವೊಪ್ಪಿಸುತ್ತಾನೆ. ಕವಿತೆಯ ಬಲವು ಇಲ್ಲಿದೆ.

೫

ಲೆಕ್ಕವನ್ನೇ ತನ್ನ ಮಾತನ್ನಾಗಿ ಮಾಡಿಕೊಂಡ ನಗರ ಲಂಡನ್ನು. ೧೬೬೫ರ ಮಹಾಮಾರಿಯ ಕಾಲದಲ್ಲಿ ಅಲ್ಲಿ ವಾರವಾರವೂ ಮರಣಪಟ್ಟಿಗಳು ಅಚ್ಚಾಗುತ್ತಿದ್ದುವು. ಯಾವ ಕೇರಿಯಲ್ಲಿ ಎಷ್ಟು ಜನ, ಯಾವ ಯಾವ ರೋಗದಿಂದ ಸತ್ತರೆಂಬುದು ಅವುಗಳಲ್ಲಿ ಕಾಣುತ್ತಿತ್ತು. ಆ ವರ್ಷ ಮಾರಿಯ ಲೆಕ್ಕಕ್ಕೆ ಬಂದ ಸಾವುಗಳು ೬೮,೫೯೬. ನಿಜವಾದ ಸಂಖ್ಯೆ ಇದಕ್ಕಿಂತ ಬಹಳ ಹೆಚ್ಚೆಂಬುದು ಇತಿಹಾಸಕಾರರ ಅಭಿಪ್ರಾಯ.

ಡ್ಯಾನಿಯಲ್ ಡೀಫೋ ತನ್ನ ‘ಮಾರಿಯ ವರ್ಷದ ದಿನಚರಿ’ಯನ್ನು ೧೭೨೨ರಲ್ಲಿ ಪ್ರಕಟಿಸಿದನು. ಮಾರಿಯ ಕಾಲಕ್ಕೆ ಅವನು ಸುಮಾರು ಐದು ವರ್ಷದ ಹುಡುಗ, ಆದುದರಿಂದ ಎಚ್. ಎಫ್. ಎಂಬ ಜೀನುಗಾರನ ಬಾಯಲ್ಲಿ ಬರುವ ಈ ಕಥನವು ಸಾಕ್ಷಿಯ ವೇಷವನ್ನು ತೊಟ್ಟ ಕಲ್ಪನೆ. ೧೭೨೦ರಲ್ಲಿ ಮಾರ್ಸೇಲ್ಸಿನಲ್ಲಿ ಮಾರಿಯು ಕಾಣಿಸಿಕೊಂಡು ಇಂಗ್ಲೆಂಡಿನಲ್ಲಿ ಭಯವು ಹುಟ್ಟಿದ್ದ ಸಮಯದಲ್ಲಿ ಅದು ಹೊರಬಂದಿತು. ಗ್ರಂಥದ ಉದ್ದಕ್ಕೂ ಅಂಕಿಗಳ ಕೋಷ್ಟಕಗಳು ಬರುತ್ತವೆ. ಅಂಕಿಗಳು ಕಥೆಯ ಓಟವನ್ನು ತಡೆಯುತ್ತವೆಂದು ಆಕ್ಷೇಪಿಸಬಹುದು. ಆದರೆ ಡೀಫೋ ಅವುಗಳನ್ನು ನಂಬಿ ಹಾಕಿದವನಲ್ಲ. ಮಾರಿಯೆಂದು ಬರೆಯಿಸಿದರೆ ಮನೆಗೆ ಕೆಂಪು ಶಿಲುಬೆಯನ್ನು ಗುರುತುಮಾಡಿ, ಒಳಗಿನವರನ್ನೆಲ್ಲ ಕೂಡಿಹಾಕಿ, ಬಾಗಿಲಿಗೆ ಕಾವಲಿಡುತ್ತಿದ್ದರು. ಆದಕಾರಣ ಮನೆಯವರು ಬೇರೆ ಯಾವುದಾದರೂ ಜ್ವರದ ಹೆಸರನ್ನು ಬರೆಯಿಸಲು ಯತ್ನಿಸುತ್ತಿದ್ದರು. ಮಾರಿಯ ಅಂಕಿಯು ಕಡಮೆಯಾಗಿ ಕಂಡ ವಾರಗಳಲ್ಲಿ ಇತರ ರೋಗಗಳ ಅಂಕಿಯು ಅಕಾರಣವಾಗಿ ಏರಿರುವುದನ್ನು ಜೀನುಗಾರನು ಪಟ್ಟಿಗಳಿಂದಲೇ ತೋರಿಸಿಕೊಡುತ್ತಾನೆ.

ಹೀಗೆ ಲಂಡನ್ನು ಕೇಡಿಗೆ ಸಂಖ್ಯೆಯ ಹೆಸರನ್ನಿಟ್ಟಿತು; ಡೀಫೋ ಆ ಸಂಖ್ಯೆಯನ್ನು ಪಾಠದಂತೆ ಓದಿ, ಅದರೊಳಗಿನ ಭಯವನ್ನೂ ಸುಳ್ಳನ್ನೂ ಬಿಡಿಸಿದನು. ಸಂಖ್ಯೆಯು ನಿರ್ಭಾವವಾದುದೆಂದೂ ಸಾಹಿತ್ಯವು ಅದಕ್ಕೆ ಭಾವವನ್ನು ತುಂಬಬೇಕೆಂದೂ ಹೇಳುವವರು ಈ ಗ್ರಂಥವನ್ನು ಮತ್ತೊಮ್ಮೆ ಓದಬೇಕು. ಇಲ್ಲಿ ಸಾಹಿತ್ಯವು ಮಾಡಿದ ಕೆಲಸವೆಂದರೆ ಸಂಖ್ಯೆಯನ್ನು ವಿಮರ್ಶಿಸುವುದು.

೬

ಹೆಸರಿಡುವುದಕ್ಕೇ ಹಿಂಜರಿದ ನಗರವೊಂದು ಆಲ್ಬೇರ್ ಕಾಮೂವಿನ ‘ಮಾರಿ’ ಎಂಬ ಕಾದಂಬರಿಯಲ್ಲಿದೆ. ೧೯೪೭ರಲ್ಲಿ ಪ್ರಕಟವಾದ ಈ ಕೃತಿಯ ಸ್ಥಳ ಆಗ ಫ್ರೆಂಚರ ಆಳ್ವಿಕೆಯಲ್ಲಿದ್ದ ಅಲ್ಜೀರಿಯದ ಓರಾನ್ ಪಟ್ಟಣ. ಬೀದಿಗಳಲ್ಲಿ ಇಲಿಗಳು ಸತ್ತು ಬಿದ್ದಾಗ ಪತ್ರಿಕೆಗಳು ಗದ್ದಲವೆಬ್ಬಿಸುತ್ತವೆ. ಮನುಷ್ಯರು ಮನೆಗಳೊಳಗೆ ಸಾಯತೊಡಗಿದಾಗ ಸುಮ್ಮನಾಗುತ್ತವೆ. ಅಧಿಕಾರಿಗಳೂ ವೈದ್ಯರೂ ಸೇರಿದ ಸಭೆಯಲ್ಲಿ ರೋಗವನ್ನು ಅದರ ಹೆಸರಿನಿಂದ ಕರೆಯಬೇಕೆ ಬೇಡವೆ ಎಂದು ಚರ್ಚೆಯಾಗುತ್ತದೆ. ಮಾತು ಯಾವುದಾದರೂ ಆಗಲಿ, ಜನ ಸಾಯುವುದನ್ನು ತಡೆಯುವುದಕ್ಕೆ ಇರುವ ಹೊತ್ತನ್ನು ಕಳೆಯಬಾರದೆಂಬುದು ವೈದ್ಯನಾದ ರಿಯೂವಿನ ನಿಲುವು. ಪಾದ್ರಿ ಪಾನಲೂವಿನ ಎರಡು ಉಪದೇಶಗಳನ್ನು ಹೋಲಿಸಿದರೆ ಕಾಮೂವಿನ ಸೂಕ್ಷ್ಮತೆಯು ಗೊತ್ತಾಗುತ್ತದೆ. ಮೊದಲನೆಯದರಲ್ಲಿ ಅವನು ಪಾಪಿಗಳಾದ ‘ನೀವು’ ಎಂದು ಜನರನ್ನು ಸಂಬೋಧಿಸುತ್ತಾನೆ. ಎಳೆಯ ಹುಡುಗನೊಬ್ಬನ ಸಾವನ್ನು ಕಣ್ಣಾರೆ ಕಂಡ ಮೇಲೆ, ಎರಡನೆಯದರಲ್ಲಿ ‘ನಾವು’ ಎನ್ನುತ್ತಾನೆ. ಒಂದು ಸರ್ವನಾಮವು ಬದಲಾದುದರಿಂದ ಹೊಣೆಯ ಸ್ವರೂಪವೇ ಬದಲಾಗುತ್ತದೆ.

ಇಷ್ಟು ಎಚ್ಚರವುಳ್ಳ ಕೃತಿಯಲ್ಲಿಯೂ ದೊಡ್ಡದೊಂದು ಲೋಪವಿದೆ. ರಾಂಬೇರ್ ಎಂಬ ಪತ್ರಕರ್ತನು ಓರಾನಿಗೆ ಬಂದುದೇ ಅಲ್ಲಿಯ ಅರಬರ ಜೀವನಸ್ಥಿತಿಯನ್ನು ವಿಚಾರಿಸುವುದಕ್ಕೆ. ಆ ವಿಚಾರಣೆಯು ಮೊದಲ ಪುಟಗಳಲ್ಲಿಯೇ ನಿಂತುಹೋಗುತ್ತದೆ. ಊರಿನಲ್ಲಿದ್ದ ಅರಬರು ಹೇಗೆ ಸತ್ತರು, ಹೇಗೆ ಬದುಕಿದರು ಎಂಬುದು ಕಾದಂಬರಿಯಲ್ಲಿ ಬರುವುದಿಲ್ಲ. ಕಾನರ್ ಕ್ರೂಸ್ ಓಬ್ರಿಯನ್ ಅವರು ೧೯೭೦ರಲ್ಲಿ ಈ ಕೊರತೆಯನ್ನು ಕಟುವಾಗಿ ಎತ್ತಿ ತೋರಿಸಿದರು. ಮಾರಿಯು ಯುದ್ಧಕಾಲದ ನಾಜಿ ಆಕ್ರಮಣದ ಸಂಕೇತವಾದುದರಿಂದ ಈ ಲೋಪವು ಕ್ಷಮ್ಯವೆಂದು ಸಮಾಧಾನ ಹೇಳುವವರಿದ್ದಾರೆ. ಈ ಸಮಾಧಾನವು ನಿಲ್ಲಲಾರದು. ಸಂಕೇತಕ್ಕಾಗಿ ಆರಿಸಿಕೊಂಡ ಊರಿನಲ್ಲಿ ನಿಜವಾಗಿಯೂ ಜನರಿದ್ದರು. ‘ನಾವು’ ಎಂಬ ಸರ್ವನಾಮದ ಎಲ್ಲೆಯು ಎಲ್ಲಿಗೆ ಮುಗಿಯಿತೆಂಬುದು ಈ ಲೋಪದಿಂದ ತಿಳಿಯುತ್ತದೆ.

ಕನ್ನಡದಲ್ಲಿ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು (೧೯೬೫) ಇದರೊಡನೆ ಇಟ್ಟು ನೋಡಬಹುದು. ಅದು ಅಗ್ರಹಾರದ ಕಥೆ, ನಗರದ ಕಥೆಯಲ್ಲ. ಆದರೂ ಹೆಸರಿನ ಪ್ರಶ್ನೆಯು ಅಲ್ಲಿ ತೀವ್ರವಾಗಿದೆ. ಇಲಿಗಳು ಸಾಯುತ್ತವೆ, ಹದ್ದುಗಳು ಮನೆಗಳ ಮೇಲೆ ಕೂಡುತ್ತವೆ. ಬ್ರಾಹ್ಮಣರು ಜಾಗಟೆ ಬಾರಿಸಿ ಶಂಖವನ್ನೂದಿ ಅವುಗಳನ್ನು ಓಡಿಸುತ್ತಾರೆ. ಶವಸಂಸ್ಕಾರವಾಗದೆ ಬಿದ್ದಿರುವ ನಾರಣಪ್ಪನ ಹೆಣವೇ ಎಲ್ಲ ಕೇಡಿಗೂ ಕಾರಣವೆಂದು ಅವರು ತಿಳಿಯುತ್ತಾರೆ. ಓದುಗನಿಗೆ ಬಹು ಬೇಗ ಗೊತ್ತಾಗುವ ರೋಗದ ಹೆಸರು ದೂರ್ವಾಸಪುರದವರಿಗೆ ಗೊತ್ತಾಗುವುದಿಲ್ಲ. ಓರಾನಿನ ಅಧಿಕಾರಿಗಳು ಹೆಸರನ್ನು ತಿಳಿದೂ ನುಡಿಯಲಿಲ್ಲ. ಅಗ್ರಹಾರದವರ ಬಳಿ ಬೇರೊಂದು ಹೆಸರು ಸಿದ್ಧವಾಗಿದ್ದುದರಿಂದ ಅವರು ಇದನ್ನು ಹುಡುಕಲಿಲ್ಲ.

೭

ಪ್ಲೇಗು ಬೆಂಗಳೂರನ್ನು ಹೊಕ್ಕುದು ೧೮೯೮ರ ಆಗಸ್ಟ್ ತಿಂಗಳಿನಲ್ಲಿ. ಅದಕ್ಕೆ ಎರಡು ವರ್ಷ ಮೊದಲೇ ಮುಂಬಯಿಯಲ್ಲಿ ರೋಗವು ತೋರಿತ್ತು. ಅಲ್ಲಿ ಮಾಂಡವಿಯಲ್ಲಿ ಡಾಕ್ಟರ್ ವೀಗಸ್ ಅವರು ಅದನ್ನು ಗುರುತಿಸಿದರು. ೧೮೯೭ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆಯು ಜಾರಿಗೆ ಬಂದಿತು. ಅದೇ ವರ್ಷ ಪುಣೆಯಲ್ಲಿ ಪ್ಲೇಗಿನ ಬಲಾತ್ಕಾರದ ತಪಾಸಣೆಗಳಿಂದ ಕೆರಳಿದವರು ಅಧಿಕಾರಿ ರ್‍ಯಾಂಡನನ್ನು ಕೊಂದರು. ರೋಗಾಣುವನ್ನು ಯರ್ಸಿನ್ ಎಂಬ ವಿಜ್ಞಾನಿಯು ೧೮೯೪ರಲ್ಲಿ ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದಿದ್ದನು. ಇಲಿಯ ಚಿಗಟವು ರೋಗವನ್ನು ಒಯ್ಯುವುದೆಂದು ಸಿಮಾಂಡನು ತೋರಿಸಿದುದು ೧೮೯೮ರಲ್ಲಿ. ಬೆಂಗಳೂರಿನಲ್ಲಿ ಜನರು ಸಾಯುತ್ತಿದ್ದಾಗ ಕಾರಣದ ಅರಿವು ಇನ್ನೂ ಪ್ರಯೋಗಶಾಲೆಯಲ್ಲಿಯೇ ಇತ್ತೆಂದಾಯಿತು.

ಆ ಊರು ಆಗ ಒಂದಲ್ಲ, ಎರಡು. ಪೇಟೆಯು ಮೈಸೂರು ಸಂಸ್ಥಾನಕ್ಕೂ ದಂಡು ಬ್ರಿಟಿಷರಿಗೂ ಸೇರಿತ್ತು. ಎರಡಕ್ಕೂ ಬೇರೆ ಬೇರೆ ಪೌರಸಭೆಗಳು. ಇವು ಒಂದಾದುದು ೧೯೪೯ರಲ್ಲಿ. ಸಂಕಟದ ಮಾತೂ ಎರಡು ಬಗೆಯಾಗಿ ಹರಿಯಿತು. ಸರ್ಕಾರದ ಮಾತಿನಲ್ಲಿ ಕೇಡಿನ ಹೆಸರು ಇಕ್ಕಟ್ಟು. ಕಿರಿದಾದ ಓಣಿ, ಗಾಳಿಯಾಡದ ಮನೆ, ಹೊರಕ್ಕೆ ಹರಿಯದ ಬಚ್ಚಲು ಇವು ದೋಷಗಳೆನಿಸಿದುವು; ಪರಿಹಾರವು ಬಡಾವಣೆ. ೧೮೯೦ರ ದಶಕದಲ್ಲಿ ರೂಪುಗೊಂಡ ಬಸವನಗುಡಿ, ಮಲ್ಲೇಶ್ವರಗಳಿಗೆ ನೇರವಾದ ರಸ್ತೆಗಳೂ ಮನೆಗಳ ಹಿಂದೆ ಕಸ ಸಾಗಿಸುವ ಓಣಿಗಳೂ ಏರ್ಪಟ್ಟುವು. ಪ್ಲೇಗಿನ ಭಯವು ಜನರನ್ನು ಅಲ್ಲಿಗೆ ಬೇಗಬೇಗನೆ ಕಳುಹಿಸಿತು. ಆ ಬಡಾವಣೆಗಳಲ್ಲಿ ನಿವೇಶನಗಳನ್ನು ಜಾತಿಮತಗಳ ಮೇಲೆ ವಿಂಗಡಿಸಿದ್ದುದನ್ನು ಇತಿಹಾಸಕಾರರು ತೋರಿಸಿದ್ದಾರೆ. ಹೊಸ ಗಾಳಿಯು ಎಲ್ಲರ ಪಾಲಿಗೂ ಸಮನಾಗಿ ಬೀಸಲಿಲ್ಲ.

ಜನರ ಮಾತಿನಲ್ಲಿ ಕೇಡಿಗೆ ಬೇರೆ ಹೆಸರು ಬಂದಿತು: ಪ್ಲೇಗಮ್ಮ. ಸಿಡುಬಿಗೆ ಮಾರಮ್ಮನಿದ್ದಳು, ಹೊಸ ರೋಗಕ್ಕೆ ಹಳೆಯ ಹೆಸರಿರಲಿಲ್ಲ. ಇಂಗ್ಲಿಷ್ ಶಬ್ದವನ್ನು ಹಾಗೆಯೇ ತೆಗೆದುಕೊಂಡು, ಅದಕ್ಕೆ ಅಮ್ಮನೆಂಬ ಮಾತನ್ನು ಸೇರಿಸಿ, ಗುಡಿ ಕಟ್ಟಿ ಪೂಜಿಸಿದರು. ಬೆಂಗಳೂರಿನಲ್ಲಿ ಅಂತಹ ಗುಡಿಗಳು ಇಂದಿಗೂ ಇವೆ. ಇದನ್ನು ಮೂಢನಂಬಿಕೆಯೆಂದು ತಳ್ಳಿಬಿಡುವುದು ಸುಲಭ. ಆದರೆ ಭಾಷೆಯ ದೃಷ್ಟಿಯಿಂದ ಇದು ಅಸಾಧಾರಣವಾದ ಕೆಲಸ. ಕವಿಗಳು ಪುರಸಂಕಟಕ್ಕೆ ಶಬ್ದವನ್ನು ಕೊಡದೆ ಇದ್ದಾಗ, ಅಕ್ಷರವರಿಯದ ಜನರು ಒಂದನ್ನು ತಾವೇ ಕಟ್ಟಿಕೊಂಡರು. ಆ ಶಬ್ದದ ಇತಿಮಿತಿಯೂ ಸ್ಪಷ್ಟವಾಗಿದೆ. ಅಮ್ಮನೊಡನೆ ಹರಕೆಯ ಸಂಬಂಧವುಂಟು, ಬೇಡಿಕೆಯ ಸಂಬಂಧವುಂಟು; ಅವಳಿಂದ ಲೆಕ್ಕ ಕೇಳುವ ಸಂಬಂಧವಿಲ್ಲ. ಬಡಾವಣೆಯೆಂಬ ಶಬ್ದದಲ್ಲಿ ಉಪಾಯವಿತ್ತು, ಸತ್ತವರ ನೆನಪಿರಲಿಲ್ಲ. ಪ್ಲೇಗಮ್ಮನೆಂಬ ಶಬ್ದದಲ್ಲಿ ನೆನಪಿತ್ತು, ಉಪಾಯವಿರಲಿಲ್ಲ. ಒಂದೇ ಊರಿನ ಈ ಎರಡು ಮಾತುಗಳನ್ನು ಒಂದು ಕೃತಿಯಲ್ಲಿ ಎದುರುಬದುರಾಗಿ ನಿಲ್ಲಿಸಿ ನೋಡುವ ಬೆಂಗಳೂರಿನ ಪ್ಲೇಗಿನ ಕಾದಂಬರಿಯು ಕನ್ನಡಕ್ಕೆ ಇನ್ನೂ ಬೇಕಾಗಿದೆ.

೮

ಈ ವಿವೇಚನೆಯು ಗತಕಾಲಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಇಂದಿನ ನಗರಗಳ ದೊಡ್ಡ ಭಯ ನೀರಿನದು. ದಕ್ಷಿಣ ಆಫ್ರಿಕದ ಕೇಪ್‌ಟೌನು ಮೂರು ವರ್ಷಗಳ ಅನಾವೃಷ್ಟಿಯ ಕೊನೆಯಲ್ಲಿ, ೨೦೧೮ರಲ್ಲಿ, ತನ್ನ ಸಂಕಟಕ್ಕೆ ಒಂದು ದಿನಾಂಕವನ್ನೇ ಹೆಸರಾಗಿ ಇಟ್ಟಿತು. ನಲ್ಲಿಗಳನ್ನು ಮುಚ್ಚುವ ದಿನಕ್ಕೆ ‘ಶೂನ್ಯದಿನ’ವೆಂದು ಹೇಳಿ, ಆ ದಿನದಿಂದ ಸುಮಾರು ೨೦೦ ಸ್ಥಳಗಳಲ್ಲಿ ಜನರು ಸಾಲುನಿಂತು ತಲೆಗೆ ೨೫ ಲೀಟರು ನೀರನ್ನು ಒಯ್ಯಬೇಕಾಗುವುದೆಂದು ಸಾರಿದರು. ಫೆಬ್ರವರಿಯಿಂದ ಒಬ್ಬರಿಗೆ ದಿನಕ್ಕೆ ೫೦ ಲೀಟರೆಂಬ ಮಿತಿಯು ಜಾರಿಯಲ್ಲಿತ್ತು. ಜನರು ಬಳಕೆಯನ್ನು ತಗ್ಗಿಸಿದರು, ಮಳೆಯೂ ಬಂದಿತು, ಆ ದಿನ ಬರಲಿಲ್ಲ. ಹೆಸರು ಕೆಲಸಮಾಡಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ನಗರದ ಗುಡಿಸಲುಕೇರಿಗಳ ಜನರು ಮೊದಲಿನಿಂದಲೂ ಸಾರ್ವಜನಿಕ ನಲ್ಲಿಯ ಮುಂದೆ ಸಾಲುನಿಂತೇ ನೀರು ಹಿಡಿಯುತ್ತಿದ್ದರು. ಮುಂದೆ ಬರಲಿದೆಯೆಂದು ನಗರವು ಹೆದರಿದ ದಿನವು ಅವರ ಪಾಲಿಗೆ ಪ್ರತಿದಿನವೂ ಆಗಿತ್ತು. ರಾಮಾನುಜನ್ ಅವರ ಕವಿತೆಯ ಪ್ರಶ್ನೆಯನ್ನು ಇಲ್ಲಿಯೂ ಕೇಳಬಹುದಾಗಿದೆ.

ಬೆಂಗಳೂರು ೨೦೨೪ರ ಬೇಸಿಗೆಯಲ್ಲಿ ಅಂಥ ಭಯವನ್ನು ಕಂಡಿತು. ಕಾವೇರಿಯಿಂದ ದಿನಕ್ಕೆ ಸುಮಾರು ೧,೪೫೦ ದಶಲಕ್ಷ ಲೀಟರು ನೀರು ಬರುತ್ತಿದೆಯೆಂದೂ, ಸುಮಾರು ೧೪,೦೦೦ ಸರ್ಕಾರಿ ಕೊಳವೆಬಾವಿಗಳಲ್ಲಿ ೬,೯೦೦ ಬತ್ತಿವೆಯೆಂದೂ ಸರ್ಕಾರವು ತಿಳಿಸಿತು. ಅದೇ ಅಕ್ಟೋಬರಿನಲ್ಲಿ ಕಾವೇರಿಯ ಐದನೆಯ ಹ೦ತವು ಉದ್ಘಾಟನೆಯಾಗಿ ದಿನಕ್ಕೆ ೭೭೫ ದಶಲಕ್ಷ ಲೀಟರಿನ ಹೆಚ್ಚಿನ ಸಾಮರ್ಥ್ಯವು ಸೇರಿತು. ಲಂಡನ್ನಿನಂತೆ ಇಲ್ಲಿಯೂ ಸಂಕಟದ ಮಾತು ಅಂಕಿಗಳ ಮಾತು. ಧರ್ಮಾಂಬುಧಿ ಕೆರೆಯು ಬಸ್ ನಿಲ್ದಾಣವಾದುದು, ಸಂಪಂಗಿ ಕೆರೆಯು ಕ್ರೀಡಾಂಗಣವಾದುದು ಆ ಅಂಕಿಗಳಲ್ಲಿ ಕಾಣುವುದಿಲ್ಲ. ಪತ್ರಿಕೆಗಳು ಇದನ್ನೂ ಕಸದ ತೊಂದರೆಯನ್ನೂ ವಾಹನಗಳ ದಟ್ಟಣೆಯನ್ನೂ ಸಮನಾಗಿ ‘ಬಿಕ್ಕಟ್ಟು’ ಎಂದು ಕರೆದುವು. ಕರ್ತೃವಿಲ್ಲದ ಈ ಶಬ್ದದಿಂದ ವಾಕ್ಯವು ಸುಲಭವಾಗಿ ಮುಗಿಯುತ್ತದೆ. ಬಿಕ್ಕಟ್ಟು ‘ತಲೆದೋರುತ್ತದೆ’, ಅದನ್ನು ಯಾರೂ ಮಾಡಿದಂತಾಗುವುದಿಲ್ಲ.

ಕನ್ನಡದ ಜನಪದವು ಇದಕ್ಕಿಂತ ನಿಷ್ಠುರವಾದ ಮಾತನ್ನು ಬಲ್ಲದು. ‘ಕೆರೆಗೆ ಹಾರ’ವೆಂಬ ಕಥನಗೀತದಲ್ಲಿ ಊರಿಗೆ ನೀರಿಲ್ಲ, ಕಟ್ಟಿಸಿದ ಕೆರೆಗೆ ನೀರು ಬರಬೇಕಾದರೆ ಸೊಸೆಯನ್ನು ಬಲಿಕೊಡಬೇಕೆಂದು ಮನೆಯ ಹಿರಿಯರು ನಿರ್ಣಯಿಸುತ್ತಾರೆ, ನಿರ್ಣಯವು ಕಿರಿಯಳಾದ ಭಾಗೀರಥಿಯ ಮೇಲೆ ಬೀಳುತ್ತದೆ. ಹಾಡಿನಲ್ಲಿ ನಿರ್ಣಯ ಮಾಡಿದವರು ಯಾರೆಂಬುದು ಗೊತ್ತು, ನೀರಿಗೆ ಬೆಲೆ ತೆತ್ತವಳ ಹೆಸರು ಗೊತ್ತು. ಅದು ಹಳ್ಳಿಯ ಹಾಡು. ನಗರವನ್ನು ಕುರಿತು ಬರೆಯುವ ಕನ್ನಡ ಲೇಖಕನಿಗೆ ಪುರವರ್ಣನೆಯ ಪರಂಪರೆಯಿಂದ ಈ ವಿಷಯದಲ್ಲಿ ಹೆಚ್ಚಿನ ಸಹಾಯವು ದೊರೆಯಲಾರದು. ಈ ಹಾಡಿನಿಂದ ದೊರೆಯಬಹುದು. ಪುರಸಂಕಟದ ಕೃತಿಗಳನ್ನು ತರಗತಿಗಳಲ್ಲಿ ಬೋಧಿಸುವವರೂ ಪತ್ರಿಕೆಗಳಲ್ಲಿ ವಿಮರ್ಶಿಸುವವರೂ, ಇಲ್ಲಿಯ ಕರುಣರಸವು ಎಷ್ಟು ಚೆನ್ನಾಗಿದೆಯೆಂದು ಹೇಳುವುದಕ್ಕೆ ಮೊದಲು, ವಾಕ್ಯದ ಕರ್ತೃಪದವು ಎಲ್ಲಿದೆಯೆಂದು ವಿದ್ಯಾರ್ಥಿಗಳನ್ನು ಕೇಳುವುದು ಯುಕ್ತವಾಗಿದೆ.